ಬಂದೂಕು ಹೊತ್ತರೆ ಕಾಲೇಜು ಫೀಜು?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ಇವತ್ತು ಮಾತಾಡೋ ವಿಷಯ ನಾವು ಆರಿಸಿಕೊಂಡದ್ದಲ್ಲ, ನೀವೇ ಕೇಳಿದ್ದು. ಹಾಸ್ಟೆಲುಗಳಲ್ಲಿ ಪಿಯುಸಿ ಮುಗಿಸುತ್ತಿರುವ ಹುಡುಗರು ಕೇಳ್ತಾರೆ: "ಅಣ್ಣ, ಡಿಗ್ರಿ ಓದೋಕೆ ಮನೇಲಿ ದುಡ್ಡಿಲ್ಲ. ಸ್ಕಾಲರ್‌ಷಿಪ್ ನಂಬಿಕೊಂಡು ಕೂತರೆ ಯಾವಾಗ ಬರುತ್ತೋ ಗೊತ್ತಿಲ್ಲ. ನಾಲ್ಕು ವರ್ಷ ಮಿಲಿಟ್ರಿಗೆ ಹೋಗಿ, ಬಂದ ದುಡ್ಡಲ್ಲಿ ಕಾಲೇಜು ಸೇರಿದರೆ ತಪ್ಪಾ?"

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡ್ತೇವೆ. ಗದ್ದೆ ಕೂಲಿಗೆ ಹೋಗುವ ಅಪ್ಪ ಅಮ್ಮನ ಮಗ ತನ್ನ ಕಾಲ ಮೇಲೆ ನಿಂತು ಓದುತ್ತೇನೆ ಅಂದರೆ ಅವನನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ಫ್ಯಾನಿನ ಕೆಳಗೆ ಕೂತು ಶಾಂತಿಮಂತ್ರ ಹೇಳುವವರಿಗಂತೂ ಇಲ್ಲವೇ ಇಲ್ಲ. ಆದರೆ ಸಂತೆಗೆ ಹೋದವನು ಬೆಲೆ ಕೇಳದೆ ಸರಕು ತಗೊಳ್ಳಲ್ಲ. ಇಲ್ಲಿ ನಾವು ಕೊಡುವುದು ಮೈ, ಪ್ರಾಣ, ಹರೆಯದ ನಾಲ್ಕು ವರ್ಷ. ತಗೊಳ್ಳುವುದು ಓದು. ಬೆಲೆ ಕಟ್ಟುವವರು ಯಾರು, ದುಡ್ಡು ಯಾರ ಕೈಯಿಂದ ಬರುತ್ತೆ, ಕಡೆಗೆ ನಿಜವಾಗಿ ಕೈಗೆ ಸೇರುತ್ತಾ ಅಂತ ವಿಚಾರಿಸೋಣ.

ಮೊದಲು ನಮ್ಮ ಮನೆಯ ಕತೆ. ಊರಿನ ಶಾಲೆ ನಮ್ಮವರನ್ನು ಹೊಸ್ತಿಲಾಚೆ ನಿಲ್ಲಿಸಿದ್ದ ಕಾಲದಲ್ಲಿ ಮಹಾರಾಷ್ಟ್ರದ ಮಹಾರರಿಗೆ ಅಕ್ಷರ ಸಿಕ್ಕಿದ್ದು ಸೈನ್ಯದ ದಂಡಿನಲ್ಲಿ. ಕಂಪನಿ ಸರ್ಕಾರದ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಓದು ಕಡ್ಡಾಯವಾಗಿತ್ತು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ಸೈನ್ಯದ ಶಾಲೆಯ ಹೆಡ್‌ಮಾಸ್ತರು. ತಾಯಿಯ ಕಡೆಯವರೂ ಸೈನ್ಯದವರೇ. 1891ರ ಏಪ್ರಿಲ್ 14ರಂದು ಬಾಬಾಸಾಹೇಬರು ಹುಟ್ಟಿದ್ದು ಮಹೂ ಎಂಬ ದಂಡಿನ ಊರಲ್ಲಿ. ಆ ಮನೆಯಲ್ಲಿ ಪುಸ್ತಕ ಇತ್ತು ಅಂದರೆ ಅದಕ್ಕೆ ಅಪ್ಪನ ಸೈನ್ಯದ ಚಾಕರಿ ಕಾರಣ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಆದರೆ ಆ ಬಾಗಿಲು ಎಷ್ಟು ದಿನ ತೆರೆದಿತ್ತು? ಕೋರೆಗಾಂವದಲ್ಲಿ 1818ರ ಜನವರಿ 1ರಂದು ಪೇಶ್ವೆಯ ದಂಡಿನ ಎದುರು ನಿಂತು ಸತ್ತವರಲ್ಲಿ 22 ಜನ ಮಹಾರರ ಹೆಸರು ಅಲ್ಲಿನ ಕಂಬದ ಮೇಲೆ ಕೆತ್ತಿದೆ. ಹೆಸರು ಕೆತ್ತಿದ ಅದೇ ಬ್ರಿಟಿಷರು 1890ರ ದಶಕದ ಮೊದಲಲ್ಲಿ, 'ನೀವು ಯೋಧ ಜಾತಿಯವರಲ್ಲ' ಎಂದು ಮಹಾರರ ಭರ್ತಿ ನಿಲ್ಲಿಸಿಬಿಟ್ಟರು. ಗೋಪಾಲ್ ಬಾಬಾ ವಲಂಗಕರರಂಥ ನಿವೃತ್ತ ಸಿಪಾಯಿಗಳು ಅರ್ಜಿ ಬರೆದರು. ಯಾರೂ ಕೇಳಲಿಲ್ಲ. ಮೊದಲ ಮಹಾಯುದ್ಧ ಬಂತು, ಜನ ಬೇಕಾಯಿತು, 1917ರಲ್ಲಿ ಒಂದು ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಮುಚ್ಚಿದರು. ಎರಡನೇ ಯುದ್ಧ ಬಂತು, 1941ರ ಅಕ್ಟೋಬರಿನಲ್ಲಿ ಮತ್ತೆ ಮಹಾರ್ ರೆಜಿಮೆಂಟು ಹುಟ್ಟಿತು. ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. 1943ರಲ್ಲಿ ಚಮಾರ್ ರೆಜಿಮೆಂಟು ಕಟ್ಟಿದರು, 1946ರಲ್ಲಿ ಅದನ್ನೂ ಮುಚ್ಚಿದರು. ಯುದ್ಧ ಇದ್ದಾಗ ಬಾ, ಮುಗಿದ ಮೇಲೆ ನಡಿ! ಸೈನ್ಯ ಕೊಟ್ಟ ಅಕ್ಷರ ದೊಡ್ಡದು, ಆದರೆ ಆ ಬಾಗಿಲಿನ ಅಗುಳಿ ನಮ್ಮ ಕೈಯಲ್ಲಿರಲಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ಯಾಕೆ ಅಮೆರಿಕ ಅಂದರೆ, ಸೈನ್ಯದ ಸೇವೆಗೆ ಕಾಲೇಜು ಕೊಡುವುದನ್ನು ದೊಡ್ಡ ಕಾನೂನೇ ಮಾಡಿದ ದೇಶ ಅದು. ಇನ್ನೊಂದು ಕಾರಣ, ಅಲ್ಲಿನ ಕಪ್ಪುಜನಕ್ಕೂ ನಮಗೂ ಹಳೇ ನಂಟಿದೆ. 1946ರಲ್ಲಿ ಬಾಬಾಸಾಹೇಬರು ಕಪ್ಪುಜನರ ದೊಡ್ಡ ವಿದ್ವಾಂಸ ಡು ಬೋಯಿಸ್ ಅವರಿಗೆ ಕಾಗದ ಬರೆದಿದ್ದರು, ಅವರೂ ಉತ್ತರ ಬರೆದರು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ದಲಿತ್ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ ನೋಡಿ. ಅವರಿಗೆ ಆದದ್ದು ನಮಗೆ ಪಾಠ.

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಜನ ಅದನ್ನು 'ಜಿಐ ಬಿಲ್' ಅಂತ ಕರೆದರು. ಯುದ್ಧದಿಂದ ವಾಪಸ್ಸು ಬಂದ ಸೈನಿಕನಿಗೆ ವರ್ಷಕ್ಕೆ 500 ಡಾಲರುವರೆಗೆ ಕಾಲೇಜು ಫೀಜು. ಆಗ ಬಹುತೇಕ ಕಾಲೇಜುಗಳಿಗೆ ಅದು ಸಾಕಾಗಿ ಮಿಗುತ್ತಿತ್ತು. ಊಟ ವಸತಿಗೆ ಒಬ್ಬಂಟಿಗೆ ತಿಂಗಳಿಗೆ 50 ಡಾಲರು, ಸಂಸಾರ ಇದ್ದವನಿಗೆ 75. ಮನೆ ಕಟ್ಟಲು, ಅಂಗಡಿ ಇಡಲು ಸಾಲಕ್ಕೆ ಸರ್ಕಾರದ ಜಾಮೀನು. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಈ ಕಾನೂನಿನಿಂದ ಓದಿದರು, ಕೆಲಸ ಕಲಿತರು. ಅವರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. ರೈತನ ಮಗ, ಗಣಿ ಕೂಲಿಯವನ ಮಗ ಇಂಜಿನಿಯರ್ ಆದ, ಮೇಷ್ಟರಾದ. ಒಂದು ದೇಶ ಮನಸ್ಸು ಮಾಡಿದರೆ ಬಡವರ ಮಕ್ಕಳನ್ನು ಒಂದೇ ಏಟಿಗೆ ಕಾಲೇಜಿಗೆ ಕಳಿಸಬಹುದು ಅನ್ನೋದಕ್ಕೆ ಇದು ಸಾಕ್ಷಿ. 'ದುಡ್ಡೆಲ್ಲಿದೆ?' ಅಂತ ಕೇಳುವ ಮಂತ್ರಿಗಳಿಗೆ ಇದನ್ನು ತೋರಿಸಬೇಕು.

ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾಗಿ ಕಪ್ಪುಜನ ದುಡಿದರು. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ. ಹಾಗಾದರೆ ಅವರಿಗೂ ಸಿಕ್ಕಿರಬೇಕು ಅಲ್ಲವಾ?

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ನಮ್ಮಲ್ಲಿ ಗಾದೆ ಇದೆ. ಅಲ್ಲಿನ ಪೂಜಾರಿ ಜಾನ್ ರಾಂಕಿನ್, ಮಿಸಿಸಿಪ್ಪಿಯ ಬಿಳಿಯ ಸಂಸದ. ಸೈನಿಕರ ಕಾನೂನು ನೋಡುವ ಸಮಿತಿಗೆ ಅವನೇ ಅಧ್ಯಕ್ಷ. ಕೆಲಸವಿಲ್ಲದ ಸೈನಿಕನಿಗೆ ವಾರಕ್ಕೆ 20 ಡಾಲರು ಕೊಟ್ಟರೆ ಕಪ್ಪುಜನ ಹತ್ತಿ ಹೊಲದ ಕೂಲಿಗೆ ಬರಲ್ಲ ಅನ್ನೋದು ಅವನ ಸಂಕಟ. ನಮ್ಮೂರ ಗೌಡನ ಸಂಕಟ ಹೇಗಿರುತ್ತೋ ಹಾಗೇ. ಹಣ ದಿಲ್ಲಿಯಂಥ ದೂರದ ರಾಜಧಾನಿಯಿಂದ ಬರಲಿ, ಹಂಚೋದು ಮಾತ್ರ ಆಯಾ ಊರಿನ ಕಚೇರಿ, ಆಯಾ ಊರಿನ ಬ್ಯಾಂಕು ಇರಲಿ ಅಂತ ಅವನೂ ಅವನಂಥವರೂ ನೋಡಿಕೊಂಡರು. ಅಷ್ಟೇ ಸಾಕಾಯಿತು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪುಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರಿಗೆಂದೇ ಇದ್ದ ಕಾಲೇಜುಗಳು ಕೆಲವೇ, ಚಿಕ್ಕವು, ಬಡವು. ಸೀಟಿಲ್ಲ ಅಂತ ಸಾವಿರಾರು ಸೈನಿಕರು ವಾಪಸ್ಸು ಹೋದರು. ಜೋಸೆಫ್ ಮ್ಯಾಡಾಕ್ಸ್ ಎಂಬ ಕಪ್ಪು ಸೈನಿಕನಿಗೆ ಹಾರ್ವರ್ಡಿನಲ್ಲೇ ಸೀಟು ಸಿಕ್ಕಿತ್ತು. ಊರ ಕಚೇರಿ ದುಡ್ಡು ಕೊಡಲು ಒಪ್ಪಲಿಲ್ಲ. 'ಇವನಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ' ಅನ್ನೋದು ಅವರ ವಾದ. ಆತ ಕಪ್ಪುಜನರ ಸಂಘ ಎನ್‌ಎಎಸಿಪಿಯ ಬಾಗಿಲು ತಟ್ಟಬೇಕಾಯಿತು.

ಸಾಲದ ಕತೆ ಇನ್ನೂ ಕಡೆ. 1947ರಲ್ಲಿ ಕಪ್ಪುಜನರ ಪತ್ರಿಕೆ 'ಎಬನಿ' ಮಿಸಿಸಿಪ್ಪಿಯ 13 ಪಟ್ಟಣಗಳಲ್ಲಿ ಲೆಕ್ಕ ಹಾಕಿಸಿತು. ಸೈನಿಕರಿಗೆ ಕೊಟ್ಟ ಸಾಲ 3,229. ಅದರಲ್ಲಿ ಕಪ್ಪು ಸೈನಿಕರಿಗೆ ಎಷ್ಟು? ಎರಡು. ಎರಡು ಸಾವಿರ ಅಲ್ಲ, ಇನ್ನೂರೂ ಅಲ್ಲ. ಎರಡೇ.

ಸಮವಸ್ತ್ರ ಹಾಕಿಕೊಂಡರೆ ಮರ್ಯಾದೆ ಸಿಗುತ್ತೆ ಅಂತೀರಾ? 1946ರ ಫೆಬ್ರವರಿ 12ರಂದು ಐಸಾಕ್ ವುಡರ್ಡ್ ಎಂಬ ಸಾರ್ಜೆಂಟ್ ಸೈನ್ಯದಿಂದ ಬಿಡುಗಡೆಯಾಗಿ ಅದೇ ದಿನ, ಅದೇ ಸಮವಸ್ತ್ರದಲ್ಲಿ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ದಕ್ಷಿಣ ಕೆರೊಲಿನಾದಲ್ಲಿ ಪೊಲೀಸರು ಅವನನ್ನು ಬಸ್ಸಿನಿಂದ ಇಳಿಸಿ ಹೊಡೆದರು. ಎರಡೂ ಕಣ್ಣು ಹೋದವು. ಶತ್ರುವಿನ ಗುಂಡಿಗೆ ಉಳಿದವನು ತನ್ನ ದೇಶದ ಲಾಠಿಗೆ ಕುರುಡಾದ. ಹೊಸ ಬಟ್ಟೆ ತೊಟ್ಟು ಊರಿಗೆ ಬಂದ ನಮ್ಮ ಹುಡುಗರಿಗೆ ಏನಾಗುತ್ತೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಆದರೆ ಇದೇ ಕಾನೂನಿನಿಂದ ಓದಿದವರು ಸುಮ್ಮನೆ ಕೂರಲಿಲ್ಲ ಅನ್ನೋದನ್ನೂ ಹೇಳಬೇಕು. ಮಿಸಿಸಿಪ್ಪಿಯ ಮೆಡ್ಗರ್ ಎವರ್ಸ್ ಯುರೋಪಿನ ಯುದ್ಧದಿಂದ ಬಂದು, 1946ರಲ್ಲಿ ವೋಟು ಹಾಕಲು ಹೋದ. ಬಂದೂಕು ಹಿಡಿದ ಬಿಳಿಯರು ವಾಪಸ್ಸು ಅಟ್ಟಿದರು. ಸೈನಿಕರ ಕಾನೂನಿನ ದುಡ್ಡಲ್ಲಿ ಕಪ್ಪುಜನರ ಆಲ್ಕಾರ್ನ್ ಕಾಲೇಜಿನಲ್ಲಿ ಓದಿ 1952ರಲ್ಲಿ ಪದವಿ ಪಡೆದ. 1954ರಲ್ಲಿ ರಾಜ್ಯದ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಅರ್ಜಿ ಹಾಕಿದ, ತಿರಸ್ಕರಿಸಿದರು. ಆಮೇಲೆ ಊರೂರು ಅಲೆದು ಸಂಘ ಕಟ್ಟಿದ. 1963ರ ಜೂನ್ 12ರಂದು ಮನೆಯ ಮುಂದೆಯೇ ಅವನನ್ನು ಗುಂಡಿಕ್ಕಿ ಕೊಂದರು. ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. ಸತ್ತ ಮೇಲೆ ಗೌರವ ಕೊಡೋದರಲ್ಲಿ ಎಲ್ಲ ದೇಶದ ಮೇಲಿನವರೂ ಧಾರಾಳಿಗಳೇ.

ಮುಂದೆ ವಿಯೆಟ್ನಾಂ ಯುದ್ಧ. ಆಗ ಕಡ್ಡಾಯ ಭರ್ತಿ ಇತ್ತು. ಆದರೆ ಕಾಲೇಜಿನಲ್ಲಿ ಓದುತ್ತಿದ್ದರೆ ಮುಂದೂಡಿಕೆ! ಅಂದರೆ ದುಡ್ಡಿದ್ದವನ ಮಗನಿಗೆ ಕಾಲೇಜೇ ರಕ್ಷೆ. ಕಾಲೇಜಿಗೆ ಹೋಗಲಾಗದ ಬಡವ, ಕರಿಯ ಯುದ್ಧಕ್ಕೆ. 1966ರಲ್ಲಿ ರಕ್ಷಣಾ ಮಂತ್ರಿ ಮೆಕ್‌ನಮಾರಾ ಇನ್ನೊಂದು ಯೋಜನೆ ತಂದ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಬಡ ಹುಡುಗರನ್ನೂ ಸೇರಿಸಿಕೊಂಡು ವಿದ್ಯೆ, ಕಸುಬು ಕಲಿಸ್ತೇವೆ ಅಂದರು. ಹಾಗೆ ಬಂದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಕಪ್ಪು ಹುಡುಗರು. ಬಹಳ ಮಂದಿಗೆ ಕಲಿಸಿದ ಕಸುಬು ಬಂದೂಕಿನದೊಂದೇ.

1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಬಲವಂತದ ಜಾಗಕ್ಕೆ ಆಸೆ ಬಂತು. 2008ರಲ್ಲಿ ಮಾಡಿದ ಹೊಸ ಕಾನೂನಿನ ಪ್ರಕಾರ ಮೂರು ವರ್ಷ ಸೇವೆ ಮಾಡಿದವನಿಗೆ ಅವನ ರಾಜ್ಯದ ಸರ್ಕಾರಿ ಕಾಲೇಜಿನ ಫೀಜು ಪೂರ್ತಿ, ವಸತಿ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರುವರೆಗೆ. ಕೇಳೋಕೆ ಚೆಂದ. ಆದರೆ 2022ರ ಆಗಸ್ಟಿನಲ್ಲಿ ಏನಾಯಿತು ನೋಡಿ. ಓದಿಗೆ ಸಾಲ ಮಾಡಿದವರ ಸಾಲದಲ್ಲಿ ಒಂದಷ್ಟು ಮನ್ನಾ ಮಾಡ್ತೇವೆ ಅಂತ ಅಧ್ಯಕ್ಷ ಬೈಡನ್ ಅಂದರು. ಇಂಡಿಯಾನಾದ ಸಂಸದ ಜಿಮ್ ಬ್ಯಾಂಕ್ಸ್ ಬಹಿರಂಗವಾಗಿ ತಕರಾರು ತೆಗೆದರು: ಸಾಲ ಮನ್ನಾ ಮಾಡಿದರೆ ಸೈನ್ಯಕ್ಕೆ ಹುಡುಗರನ್ನು ಸೆಳೆಯುವ ದೊಡ್ಡ ಸಾಧನವೇ ಹೋಗುತ್ತೆ ಅನ್ನೋ ಅರ್ಥದಲ್ಲಿ. ಅಂದರೆ ಕಾಲೇಜು ದುಬಾರಿ ಇರಬೇಕು, ಸಾಲದ ಹೆದರಿಕೆ ಇರಬೇಕು, ಆಗ ತಾನೆ ಬಡವರ ಮಕ್ಕಳು ಭರ್ತಿ ಕಚೇರಿಯ ಮುಂದೆ ಸಾಲು ನಿಲ್ಲೋದು! ಗುಟ್ಟು ಹೊರಬಿತ್ತು. ಆ ಸಾಲ ಮನ್ನಾ ಯೋಜನೆಯನ್ನು 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತು.

ಈಗ ನಮ್ಮ ದೇಶಕ್ಕೆ ಬರೋಣ. ಅಮೆರಿಕದಲ್ಲಿ ಸೈನಿಕರ ಕಾನೂನು ಆದದ್ದು 1944. ಅದೇ 1944ರಲ್ಲಿ, ಬಾಬಾಸಾಹೇಬರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಇದ್ದ ಕಾಲದಲ್ಲಿ, ದಿಲ್ಲಿಯಲ್ಲಿ ಇನ್ನೊಂದು ಕೆಲಸ ಆಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಿಮ್ಮ ಖಾತೆಗೆ ಬರುವ, ಅಥವಾ ಬಾರದೆ ಸತಾಯಿಸುವ ಆ ದುಡ್ಡಿನ ಮೂಲ ಅದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅಮೆರಿಕದವರು ಅಂದರು: ನೀನು ದೇಶಕ್ಕೆ ಮೈ ಕೊಟ್ಟೆ, ಅದಕ್ಕೆ ಓದು ತಗೋ. ಬಾಬಾಸಾಹೇಬರ ವಾದ ಬೇರೆ: ಸಾವಿರಾರು ವರ್ಷ ಈ ಜನರಿಂದ ಅಕ್ಷರ ಕಿತ್ತುಕೊಂಡಿದ್ದೀರಿ, ಅದು ಸಾಲ, ತೀರಿಸಿ. ಮೊದಲನೆಯದು ಕೂಲಿ. ಎರಡನೆಯದು ಹಕ್ಕು. ಕೂಲಿಗೆ ಎತ್ತರ ನೋಡ್ತಾರೆ, ಎದೆ ಅಳೀತಾರೆ. ಹಾಸ್ಟೆಲಿನ ನೀರುಸಾರು ಉಂಡವನು ಎದೆಯನ್ನು ಐದು ಸೆಂಟಿಮೀಟರು ಉಬ್ಬಿಸಿ ತೋರಿಸಬೇಕು! ಹಕ್ಕಿಗೆ ಅಳತೆಪಟ್ಟಿ ಇಲ್ಲ. ಕಾಲು ಊನವಾದವನಿಗೂ ಉಂಟು, ಕನ್ನಡಕದವನಿಗೂ ಉಂಟು, ಸೈನ್ಯದ ಬಾಗಿಲು ಇಂದಿಗೂ ಕಿರಿದಾಗಿರುವ ನಮ್ಮ ತಂಗಿಯರಿಗೂ ಉಂಟು.

ಚಾಕರಿಯ ಕರಾರಿನ ಮೇಲೆ ಓದುವುದು ಏನು ಅಂತ ಬಾಬಾಸಾಹೇಬರಿಗೇ ಗೊತ್ತಿತ್ತು. 1913ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರು ಅವರನ್ನು ಕೊಲಂಬಿಯಾಕ್ಕೆ ಕಳಿಸಿದಾಗ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟರು. ಕರಾರು ಏನೆಂದರೆ ಓದಿ ಬಂದ ಮೇಲೆ ಹತ್ತು ವರ್ಷ ಬರೋಡದಲ್ಲಿ ನೌಕರಿ. ಮಹಾರಾಜರು ಒಳ್ಳೆಯವರೇ. ಕರಾರಿನಂತೆ 1917ರಲ್ಲಿ ಬಾಬಾಸಾಹೇಬರು ಬರೋಡಕ್ಕೆ ಹೋದರು. ಊರಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರಸಿ ಛತ್ರದಿಂದ ದೊಣ್ಣೆ ಹಿಡಿದು ಬಂದು ಓಡಿಸಿದರು. ಅಮೆರಿಕದಲ್ಲಿ ಓದಿ ಬಂದ ವಿದ್ವಾಂಸ ಬರೋಡದ ಒಂದು ಪಾರ್ಕಿನಲ್ಲಿ ಕೂತು ಅತ್ತರು. ಸಾಲ ತೀರಿಸಲು ಬಂದವನನ್ನು ತೀರಿಸಲೂ ಬಿಡದ ಜಾತಿ ಇದು. ರಾಜ ಕರಾರು ಬರೆಯಬಹುದು, ಛತ್ರದ ಬಾಗಿಲು ರಾಜನ ಕೈಯಲ್ಲಿಲ್ಲ.

ಇನ್ನು ಅಗ್ನಿಪಥ. 2022ರ ಜೂನ್ 14ರಂದು ಘೋಷಿಸಿದರು. ಆಗ ಪ್ರಕಟಿಸಿದ ಲೆಕ್ಕ ಕೇಳಿ. ಸೇವೆ ನಾಲ್ಕು ವರ್ಷ. ಅದಾದ ಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಕಾಯಂ, ಉಳಿದವರು ಮನೆಗೆ. ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ. ಮೊದಲ ವರ್ಷ ತಿಂಗಳ ಸಂಬಳ 30,000, ಕೈಗೆ ಬರೋದು 21,000. ನೂರಕ್ಕೆ ಮೂವತ್ತು ರೂಪಾಯಿ 'ಸೇವಾ ನಿಧಿ'ಗೆ ಹಿಡೀತಾರೆ, ಸರ್ಕಾರ ಅಷ್ಟೇ ಸೇರಿಸುತ್ತೆ. ಕಡೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಹನ್ನೊಂದು ಲಕ್ಷ ಕೊಡ್ತಾರೆ ಅಂತ ಊರಲ್ಲಿ ಹೇಳ್ತಾರಲ್ಲ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ನಿಮ್ಮದೇ ಬೆವರಿನ ದುಡ್ಡು. ಅಮೆರಿಕದ ಸೈನಿಕನ ಕಾಲೇಜು ಫೀಜು ಸಂಬಳದಿಂದ ಬೇರೆಯಾಗಿ ಬರುತ್ತೆ. ಇಲ್ಲಿ ಕಾಲೇಜಿಗೆ ಅಂತ ಬೇರೆ ದುಡ್ಡಿಲ್ಲ. ಹತ್ತನೇ ತರಗತಿಯವನಿಗೆ ಹನ್ನೆರಡರ ಸರ್ಟಿಫಿಕೇಟು, ಇಗ್ನೋ ಮೂಲಕ ಪದವಿ ಓದುವ ವ್ಯವಸ್ಥೆ ಅಂತ ಹೇಳಿದರು. ಸೈನ್ಯದ ತರಬೇತಿಯೇ ಆ ಪದವಿಯಲ್ಲಿ ಅರ್ಧ ಅಂಕ. ಅಂಥ ಪದವಿ ಹಿಡಿದು ಬಂದವನು ಇಪ್ಪತ್ತೆರಡು, ಇಪ್ಪತ್ತಮೂರನೇ ವಯಸ್ಸಿನಲ್ಲಿ ಮತ್ತೆ ಕಾಲೇಜು ಬೆಂಚಿನಲ್ಲಿ ಕೂರ್ತಾನಾ? ಅಷ್ಟರಲ್ಲಿ ತಂಗಿಯ ಮದುವೆ, ಅಪ್ಪನ ಸಾಲ, ಸೋರುವ ಮನೆ ಎಲ್ಲವೂ ಆ ದುಡ್ಡಿನ ದಾರಿ ಕಾಯ್ತಿರುತ್ತವೆ. ಬಡವನ ಮನೆಗೆ ಬಂದ ದುಡ್ಡು ಓದಿಗೆ ಉಳಿಯೋದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಮತ್ತೊಂದು ಮಾತು: ಸೈನ್ಯದ ಭರ್ತಿಯಲ್ಲಿ ನಮಗೆ ಮೀಸಲಾತಿಯೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಹೋಗುವವರು ಹೋಗಿ. ಆದರೆ ಪಿಯುಸಿ ಅರ್ಧಕ್ಕೆ ಬಿಟ್ಟು ಹೋಗಬೇಡಿ. ಹೋಗುವ ಮೊದಲು ಕರಾರನ್ನು ಸಾಲು ಸಾಲಾಗಿ ಓದಿ, ಓದಲು ಬರದ ಗೆಳೆಯನಿಗೆ ಓದಿ ಹೇಳಿ. ಸೇವಾ ನಿಧಿಯಲ್ಲಿ ಇಷ್ಟು ನನ್ನ ಓದಿಗೆ, ಇದನ್ನು ಮುಟ್ಟಬಾರದು ಅಂತ ಮನೆಯವರ ಹತ್ತಿರ ಮೊದಲೇ ಮಾತಾಡಿ. ವಾಪಸ್ಸು ಬಂದಾಗ ಸಂಘಕ್ಕೆ ಬನ್ನಿ. ಎವರ್ಸ್ ಹಾಗೆ ಬಂದವನೇ.

ಇಲ್ಲೇ ಉಳಿಯುವವರಿಗೆ ಕೆಲಸ ಹೆಚ್ಚು. ಮಿಸಿಸಿಪ್ಪಿಯ ಆ 'ಎರಡು' ಅನ್ನೋ ಸಂಖ್ಯೆ ಇವತ್ತಿಗೂ ಯಾಕೆ ಗೊತ್ತು? ಕಪ್ಪುಜನರ ಪತ್ರಿಕೆಯೊಂದು ಊರೂರಲ್ಲಿ ಲೆಕ್ಕ ಹಾಕಿಸಿತು, ಅದಕ್ಕೆ. ನಮ್ಮಲ್ಲೂ ಪೂಜಾರಿ ಇದ್ದಾನೆ. ಈಗ ಅವನು ಗುಮಾಸ್ತನ ಕುರ್ಚಿಯಿಂದ ಎದ್ದು ಪೋರ್ಟಲಿನೊಳಗೆ ಕೂತಿದ್ದಾನೆ. ಆಧಾರ್ ಜೋಡಣೆ ಆಗಿಲ್ಲ, ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರು ತಾಳೆಯಾಗಲ್ಲ, ಕಾಲೇಜು ಇನ್ನೂ ಮುಂದಕ್ಕೆ ಕಳಿಸಿಲ್ಲ. ಒಂದೊಂದು ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ಇಡಿ. ಯಾರು ಯಾವತ್ತು ಅರ್ಜಿ ಹಾಕಿದರು, ಯಾವತ್ತು ದುಡ್ಡು ಬಂತು, ಎಷ್ಟು ಬಂತು, ಬರದಿದ್ದರೆ ಏನು ಕಾರಣ ಹೇಳಿದರು, ಫೀಜಿಗಾಗಿ ಯಾರು ಓದು ಬಿಟ್ಟರು, ಬರೆಯಿರಿ. ಹತ್ತು ಹಾಸ್ಟೆಲಿನ ನೋಟ್‌ಬುಕ್ ಒಟ್ಟಿಗೆ ಇಟ್ಟರೆ ಯಾವ ಅಧಿಕಾರಿಯೂ 'ಎಲ್ಲೋ ಒಬ್ಬಿಬ್ಬರಿಗೆ ತೊಂದರೆ' ಅನ್ನೋಕಾಗಲ್ಲ. ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಕೆಲವು ವರ್ಷ ತೀರಾ ಇಳಿದು, ಹೊರೆಯೆಲ್ಲ ರಾಜ್ಯಗಳ ತಲೆ ಮೇಲೆ ಬಿದ್ದಿತ್ತು. ದೇಶದಲ್ಲೆಲ್ಲ ಗಲಾಟೆಯಾದ ಮೇಲೆ, 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ನೂರಕ್ಕೆ 60 ಪಾಲು ತಾನು ಹೊರುವುದಾಗಿ, ಐದು ವರ್ಷಕ್ಕೆ ಒಟ್ಟು 59,048 ಕೋಟಿಯ ಯೋಜನೆಗೆ ಒಪ್ಪಿತು. ಕೂಗದೆ ಇದ್ದಿದ್ದರೆ ಅದೂ ಆಗುತ್ತಿರಲಿಲ್ಲ.

ಗಡಿ ಕಾಯಲು ಹೋಗುವ ನಮ್ಮ ಹುಡುಗ ಇಷ್ಟಪಟ್ಟು ಹೋಗಲಿ. ಫೀಜು ಕಟ್ಟಲಾಗದೆ ಹೋಗುವ ಗತಿ ಅವನಿಗೆ ಬರಬಾರದು. ಶ್ರೀಮಂತನ ಮಗನಿಗೆ ಕಾಲೇಜಿಗೆ ಒಂದೇ ದಾರಿ, ಅವನ ಮನೆಯಿಂದ ನೇರ. ನಮ್ಮ ಮಕ್ಕಳು ಮಾತ್ರ ದಂಡು ಸುತ್ತಿಕೊಂಡು ಯಾಕೆ ಬರಬೇಕು? ಈ ಪ್ರಶ್ನೆಯನ್ನು ನಿಮ್ಮ ನಿಮ್ಮ ಹಾಸ್ಟೆಲಿಗೆ ತಗೊಂಡು ಹೋಗಿ. ನೋಟ್‌ಬುಕ್ಕು ಇವತ್ತು ರಾತ್ರಿಯೇ ಶುರು ಮಾಡಿ.

ಜೈ ಭೀಮ್.